ದೇಶ ಸುತ್ತಿದವರ ಕೋಶ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಇಲ್ಲಿ ಕೋಶವೆಂದರೆ ಪುಸ್ತಕ. ಆದರೆ ಆ ಪದಕ್ಕೆ ಬೊಕ್ಕಸ, ಭಂಡಾರ ಎಂಬ ಅರ್ಥವೂ ಉಂಟು. ದೇಶ ಸುತ್ತಲು ಹೊರಟವನು ಓದುವ ಕೋಶವನ್ನು ಮನೆಯಲ್ಲೇ ಬಿಟ್ಟು ಹೋದರೂ ನಡೆದೀತು. ಈ ಎರಡನೆಯ ಕೋಶವನ್ನು ಮರೆತರೆ ನಡೆಯದು.

ಮುಂಬಯಿಯಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ ಮಗನೋ ಮಗಳೋ ಅಳಿಯನೋ ಪರದೇಶದಲ್ಲಿಲ್ಲದ ಮನೆ ಇಂದು ವಿರಳ. ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಜ್ಜಿಗೆ ಮೊಮ್ಮಗ "ದುಡ್ಡಿನ ಯೋಚನೆ ಬೇಡ ಅಜ್ಜಿ, ಕಾರ್ಡ್ ಇದೆಯಲ್ಲ" ಎನ್ನುತ್ತಾನೆ. ಆದರೂ ಆಕೆ ಒಂದೆರಡು ಡಾಲರ್ ನೋಟುಗಳನ್ನು ಕೈಚೀಲದ ಒಳಜೇಬಿನಲ್ಲಿ ಮಡಿಸಿ ಇಟ್ಟುಕೊಳ್ಳದೆ ಹೊರಡಳು. ಕಿರಿಯರಿಗೆ ಅದು ನಗೆಯ ವಿಷಯ. ಆದರೆ ಪರದೇಶಕ್ಕೆ ಹೋಗುವವನ ಕೈಯಲ್ಲಿ ಎಷ್ಟು ಹಣವಿರಬೇಕೆಂಬುದನ್ನು ಅವನ ಸ್ವಂತ ಸಿರಿತನವಲ್ಲ, ಅವನ ದೇಶದ ಬೊಕ್ಕಸವೇ ನಿರ್ಧರಿಸಿದ ಕಾಲವೊಂದಿತ್ತು. ಆ ಕಾಲ ಹೇಗೆ ಬಂತು, ಹೇಗೆ ಕಳೆಯಿತು, ಅದರ ಭಾರವನ್ನು ಯಾರು ಹೊತ್ತರು ಎಂಬುದನ್ನು ನಾಲ್ಕು ಮಾತುಗಳಲ್ಲಿ ಹೇಳುವುದೇ ಈ ಲೇಖನದ ಉದ್ದೇಶ.

ವರಹದ ಲೆಕ್ಕ

ಮೊದಲು ನಮ್ಮ ನಾಡಿನಿಂದಲೇ ಆರಂಭಿಸೋಣ. 1443ರಲ್ಲಿ ಹೆರಾತಿನ ಸುಲ್ತಾನ ಶಾರುಖನ ರಾಯಭಾರಿಯಾಗಿ ಅಬ್ದುರ್ ರಜಾಕನು ವಿಜಯನಗರಕ್ಕೆ ಬಂದ. ಆಗ ಆಳುತ್ತಿದ್ದವನು ಇಮ್ಮಡಿ ದೇವರಾಯ. ಹೊಸ ಊರಿಗೆ ಬಂದ ಯಾವ ಪ್ರಯಾಣಿಕನಾದರೂ ಮೊದಲು ತಿಳಿಯಬೇಕಾದದ್ದು ಅಲ್ಲಿನ ನಾಣ್ಯದ ಲೆಕ್ಕವನ್ನು. ಆತ ಅದನ್ನು ಚೆನ್ನಾಗಿಯೇ ತಿಳಿದುಕೊಂಡು ಬರೆದಿಟ್ಟಿದ್ದಾನೆ. ಚಿನ್ನದಲ್ಲಿ ಮೂರು ನಾಣ್ಯಗಳು: ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಹಣ. ಹಣದ ಆರನೆಯ ಒಂದು ಪಾಲು ಬೆಳ್ಳಿಯ ತಾರ; ತಾರದ ಮೂರನೆಯ ಒಂದು ಪಾಲು ತಾಮ್ರದ ಜಿತಲ್. ಬಿ.ಎಸ್ಸಿ. ಓದಿದ ನಮಗೆ ಅಂಕಿ ಕಂಡಲ್ಲಿ ಗುಣಿಸಿ ನೋಡುವ ಚಟ. ಒಂದು ವರಹಕ್ಕೆ 20 ಹಣ, 120 ತಾರ, 360 ಜಿತಲ್ ಎಂದಾಯಿತು. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಹಣವೇ ಎಂದೂ ಆತ ಹೇಳುತ್ತಾನೆ. ಇಂದು ನಾವು ದುಡ್ಡಿಗೆಲ್ಲ ಹಣವೆಂದೇ ಕರೆಯುತ್ತಿರುವಾಗ, ಅದು ಒಂದು ಕಾಲಕ್ಕೆ ಒಂದು ಸಣ್ಣ ಚಿನ್ನದ ನಾಣ್ಯದ ಹೆಸರಾಗಿತ್ತೆಂಬುದನ್ನು ನೆನೆಯುವವರು ಕಡಿಮೆ.

ರಾಯಭಾರಿಗೆ ಅರಮನೆಯಿಂದ ದಿನವಹಿ ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆಗಳ ಜೊತೆಗೆ ಎರಡು ವರಹ ಸಲ್ಲುತ್ತಿತ್ತು. ಟಿ.ಎ., ಡಿ.ಎ. ಬಿಲ್ಲುಗಳನ್ನು ತಾಳೆ ನೋಡುವುದರಲ್ಲೇ ತಲೆಗೂದಲು ನರೆತ ನಮ್ಮಂಥ ಗುಮಾಸ್ತರಿಗೆ ಇದನ್ನು ಓದಿದಾಗ ಸಂತೋಷವಾಗುತ್ತದೆ. ದಿನಭತ್ಯೆ ಇಂದು ನಿನ್ನೆಯದಲ್ಲ!

ಆದರೆ ಎಲ್ಲರೂ ರಾಯಭಾರಿಗಳಲ್ಲವಷ್ಟೆ. ಸಾಮಾನ್ಯ ವರ್ತಕನು ಪರದೇಶದ ನಾಣ್ಯ ತಂದರೆ ಅದನ್ನು ಚಿನಿವಾರನ ಮುಂದೆ ಸುರಿಯಬೇಕಿತ್ತು. ಚಿನಿವಾರನು ತೂಗಿ, ಒರೆಗೆ ಹಚ್ಚಿ, ಇಷ್ಟು ಬೆಲೆ ಎಂದು ಹೇಳಿ, ತನ್ನ ವಟ್ಟವನ್ನು ಮುರಿದುಕೊಂಡು ಊರ ನಾಣ್ಯ ಎಣಿಸಿಕೊಡುತ್ತಿದ್ದ. ಅಂದು ನಾಣ್ಯದ ಬೆಲೆ ಅದರ ಲೋಹದಲ್ಲೇ ಇತ್ತು. ಎಲ್ಲಿ ಹೋದರೂ ಚಿನ್ನ ಚಿನ್ನವೇ. ಯಾವ ಸರ್ಕಾರವನ್ನೂ ನಂಬಬೇಕಾಗಿರಲಿಲ್ಲ. ತಕ್ಕಡಿಯೊಂದನ್ನು ನಂಬಿದರೆ ಸಾಕಾಗಿತ್ತು. ಕಷ್ಟವೆಂದರೆ ಭಾರ ಮತ್ತು ಕಳ್ಳರ ಭಯ.

ಹುಂಡಿಯೆಂಬ ಚೀಟಿ

ಈ ಎರಡು ಕಷ್ಟಗಳಿಗೆ ನಮ್ಮ ದೇಶದ ಶರಾಫರು ಕಂಡುಹಿಡಿದ ಪರಿಹಾರವೇ ಹುಂಡಿ. ದೇವಸ್ಥಾನದ ಕಾಣಿಕೆಯ ಹುಂಡಿಯಲ್ಲ, ವ್ಯಾಪಾರದ ಹುಂಡಿ. ಸೂರತ್ತಿನಲ್ಲಿ ಶರಾಫನಿಗೆ ಹಣ ಕಟ್ಟಿ ಒಂದು ಚೀಟಿ ಪಡೆದರೆ, ದೂರದ ಊರಿನಲ್ಲಿ ಅವನ ಕೊಠಿಯವರು ಚೀಟಿ ನೋಡಿ ಹಣ ಕೊಡುತ್ತಿದ್ದರು. ನೋಡಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಗೊತ್ತಾದ ದಿನಗಳು ಕಳೆದ ಮೇಲೆ ಕೊಡುವುದು ಮುದ್ದತಿ ಹುಂಡಿ. ಹಡಗಿನ ಸರಕು ಸುಖವಾಗಿ ತಲುಪಿದರೆ ಮಾತ್ರ ಹಣ ಸಲ್ಲುವ ಜೋಖ್ಮಿ ಹುಂಡಿಯೂ ಇತ್ತು. ಒಂದೇ ಕಾಗದದಲ್ಲಿ ಸಾಲವೂ ಆಯಿತು, ವಿಮೆಯೂ ಆಯಿತು.

ಹುಂಡಿಯ ವಿಶೇಷವೆಂದರೆ ಹಣ ಪ್ರಯಾಣ ಮಾಡುವುದಿಲ್ಲ. ಮಾತು ಪ್ರಯಾಣ ಮಾಡುತ್ತದೆ. ಈ ಊರಿನ ಶರಾಫ ಆ ಊರಿನ ಶರಾಫನಿಗೆ ಕೊಡಬೇಕಾದದ್ದು, ಅವನಿಂದ ಬರಬೇಕಾದದ್ದು ಎರಡನ್ನೂ ಕಾಲಕಾಲಕ್ಕೆ ಖಾತೆಯಲ್ಲಿ ಸರಿದೂಗಿಸಿಕೊಂಡರೆ ಮುಗಿಯಿತು. ಈ ತತ್ತ್ವವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದೇ ತತ್ತ್ವ ನಮ್ಮ ಕುಟುಂಬಗಳ ಕಥೆಯಲ್ಲಿ ಬೇರೊಂದು ವೇಷದಲ್ಲಿ ಬರಲಿದೆ.

ಎರಡು ಸಹಿಗಳ ಚೆಕ್ಕು

ಯುರೋಪಿನಲ್ಲಿ ಪ್ರವಾಸವೆಂಬುದು ಸಿರಿವಂತರ ಹವ್ಯಾಸದಿಂದ ಮಧ್ಯಮ ವರ್ಗದ ಹವ್ಯಾಸವಾಗಿ ಇಳಿದಾಗ ಅಲ್ಲಿಯೂ ಇಂಥದೇ ಕಾಗದ ಬೇಕಾಯಿತು. ಥಾಮಸ್ ಕುಕ್ ಕಂಪನಿಯವರು 1874ರಲ್ಲಿ ತಮ್ಮ ಪ್ರವಾಸಿಗರಿಗಾಗಿ ಸರ್ಕ್ಯುಲರ್ ನೋಟುಗಳನ್ನು ಹೊರಡಿಸಿದರು. ಗೊತ್ತಾದ ಬ್ಯಾಂಕುಗಳಲ್ಲೂ ಹೋಟೆಲುಗಳಲ್ಲೂ ಇವುಗಳಿಗೆ ಆ ಊರಿನ ಹಣ ಸಿಗುತ್ತಿತ್ತು. ಆ ಕಂಪನಿ 1881ರಲ್ಲಿ ನಮ್ಮ ಮುಂಬಯಿಯಲ್ಲಿ ಕಚೇರಿ ತೆರೆಯಿತು.

ಅಲ್ಲಿಂದ ಏಳು ವರ್ಷಕ್ಕೆ, 1888ರ ಸೆಪ್ಟೆಂಬರ್ 4ರಂದು, ಇದೇ ಮುಂಬಯಿ ಬಂದರಿನಿಂದ ಮೋಹನದಾಸ ಗಾಂಧಿ ಎಂಬ ತರುಣ ಲಂಡನ್ನಿಗೆ ಹೊರಟ. ಅವನ ಪ್ರಯಾಣದ ಹಣವಿದ್ದದ್ದು ಭಾವನ ಕೈಯಲ್ಲಿ. ಕಡಲು ದಾಟುವವನಿಗೆ ಜಾತಿಯ ಮುಖಂಡರು ಬಹಿಷ್ಕಾರ ಹಾಕಿದ ಮೇಲೆ ಭಾವನಿಗೆ ಆ ಹಣ ಕೊಡಲು ಧೈರ್ಯ ಬರಲಿಲ್ಲ. ಕಡೆಗೆ ಕುಟುಂಬದ ಸ್ನೇಹಿತರೊಬ್ಬರಿಂದ ಸಾಲ ತೆಗೆದು ಹೊರಡಬೇಕಾಯಿತು. ಲಂಡನ್ನಿನಲ್ಲಿ ಅವರು ಬಸ್ಸಿನ ಚಾರ್ಜು, ಅಂಚೆಯ ಖರ್ಚು ಎಲ್ಲವನ್ನೂ ಬರೆದಿಟ್ಟು, ರಾತ್ರಿ ಮಲಗುವ ಮುನ್ನ ಜಮಾಖರ್ಚು ಸರಿದೂಗಿಸುತ್ತಿದ್ದರು. ನಡೆದೇ ಹೋಗಬಹುದಾದ ಕಡೆ ಕೋಣೆ ಹಿಡಿದು ಬಸ್ಸಿನ ಖರ್ಚನ್ನೇ ಉಳಿಸಿದರು. ಇದನ್ನೆಲ್ಲ ತಮ್ಮ ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಗಮನಿಸಬೇಕಾದ ಸಂಗತಿಯೆಂದರೆ, ಅಂದು ಅಡ್ಡಿ ಮಾಡಿದ್ದು ಜಾತಿಯೇ ಹೊರತು ಸರ್ಕಾರವಲ್ಲ. ಹಣವಿದ್ದವನು ಎಷ್ಟು ಬೇಕಾದರೂ ಒಯ್ಯಬಹುದಾಗಿತ್ತು.

1891ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯ ಮಾರ್ಸೆಲಸ್ ಬೆರಿ ಎಂಬವರು ಟ್ರಾವೆಲರ್ಸ್ ಚೆಕ್ಕನ್ನು ರೂಪಿಸಿದರು. ಕಂಪನಿಯ ಅಧ್ಯಕ್ಷರು ಯುರೋಪ್ ಪ್ರವಾಸದಲ್ಲಿ ದೊಡ್ಡ ಪಟ್ಟಣ ಬಿಟ್ಟು ಸಣ್ಣ ಊರಿಗೆ ಹೋದಲ್ಲೆಲ್ಲ ತಮ್ಮ ಬ್ಯಾಂಕ್ ಪತ್ರಕ್ಕೆ ಹಣ ಸಿಗದೆ ಪರದಾಡಿದ್ದೇ ಇದಕ್ಕೆ ಕಾರಣವಂತೆ. ಚೆಕ್ಕಿನ ಜಾಣ್ಮೆ ಬಲು ಸರಳ. ಕೊಳ್ಳುವಾಗ ಒಂದು ಸಹಿ. ಹಣ ಪಡೆಯುವಾಗ ಗುಮಾಸ್ತನ ಕಣ್ಣೆದುರಿಗೇ ಇನ್ನೊಂದು ಸಹಿ. ಎರಡೂ ಹೊಂದಿದರೆ ಹಣ. ಕಳ್ಳನ ಕೈಗೆ ಸಿಕ್ಕರೂ ಎರಡನೆಯ ಸಹಿಯನ್ನು ಅವನು ಹಾಕಲಾರ. ನಂಬರುಗಳನ್ನು ಬೇರೆ ಕಾಗದದಲ್ಲಿ ಬರೆದಿಟ್ಟುಕೊಂಡಿದ್ದರೆ ಕಳೆದುಹೋದ ಚೆಕ್ಕಿಗೆ ಬದಲಿ ಚೆಕ್ಕು ದೊರೆಯುತ್ತಿತ್ತು. ಕಂಪನಿಗೂ ನಷ್ಟವಿಲ್ಲ: ಚೆಕ್ಕು ಮಾರಿದ ದಿನದಿಂದ ಅದು ಹಿಂದಕ್ಕೆ ಬರುವ ದಿನದವರೆಗೆ ಪ್ರವಾಸಿಯ ಹಣವನ್ನು ಬಡ್ಡಿಗೆ ದುಡಿಸಿಕೊಳ್ಳಬಹುದಲ್ಲ! ಸುಮಾರು ನೂರು ವರ್ಷ ಈ ಚೆಕ್ಕುಗಳು ಪ್ರವಾಸಿಗಳ ನೆಚ್ಚಿನ ಸಂಗಾತಿಯಾಗಿದ್ದವು. ಇಂದು ಕಾರ್ಡುಗಳು ಬಂದು ಅವು ಬಹುಮಟ್ಟಿಗೆ ಮರೆಯಾಗಿವೆ.

ಕಡಲು ದಾಟಿದ ರೂಪಾಯಿ

ಇಂದಿನ ಕಿರಿಯರಿಗೆ ನಂಬಲು ಕಷ್ಟವಾದ ಇನ್ನೊಂದು ಸಂಗತಿಯಿದೆ. ಪರದೇಶಕ್ಕೆ ಹೋಗುವ ಭಾರತೀಯನು ಹಣ ಬದಲಾಯಿಸುವ ಅಗತ್ಯವೇ ಇರದಿದ್ದ ಕಾಲವೂ ಇತ್ತು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ವರೆಗೆ ರೈಲುದಾರಿ ಹಾಕಲು ಹೋದ ನಮ್ಮ ಕೂಲಿಗಳಿಗೆ ರೂಪಾಯಿಯಲ್ಲೇ ಸಂಬಳ. ಬ್ರಿಟಿಷ್ ಪೂರ್ವ ಆಫ್ರಿಕಾದಲ್ಲಿ 1920ರ ವರೆಗೂ ರೂಪಾಯಿಯೇ ಚಲಾವಣೆಯಲ್ಲಿತ್ತು. ಕೊಲ್ಲಿಯ ನಾಡುಗಳಲ್ಲಂತೂ, ಕುವೈತ್, ಬಹರೇನ್, ಕತಾರ್, ದುಬೈ, ಮಸ್ಕತ್‌ಗಳಲ್ಲಿ, ಸ್ವಾತಂತ್ರ್ಯ ಬಂದ ಮೇಲೂ ನಮ್ಮ ರಿಜರ್ವ್ ಬ್ಯಾಂಕಿನ ನೋಟೇ ನಡೆಯುತ್ತಿತ್ತು.

ಇದು ನಿಂತದ್ದೇಕೆ? ಕಳ್ಳಸಾಗಣೆಯ ಚಿನ್ನದಿಂದ. ಕೊಲ್ಲಿಯಿಂದ ದೋಣಿಗಳಲ್ಲಿ ಚಿನ್ನ ನಮ್ಮ ಪಶ್ಚಿಮ ಕರಾವಳಿಗೆ ಬರುವುದು. ಅದರ ಬೆಲೆಯಾಗಿ ಕಂತೆ ಕಂತೆ ರೂಪಾಯಿ ನೋಟು ಕೊಲ್ಲಿಗೆ ಹೋಗುವುದು. ಆ ನೋಟುಗಳು ಅಲ್ಲಿನ ಬ್ಯಾಂಕುಗಳ ಮೂಲಕ ರಿಜರ್ವ್ ಬ್ಯಾಂಕಿಗೆ ಹಿಂತಿರುಗಿ ಬಂದಾಗ ಅವಕ್ಕೆ ಪೌಂಡ್ ಎಣಿಸಿ ಕೊಡಬೇಕಾಗುವುದು. ಹೀಗೆ ಕಳ್ಳ ಚಿನ್ನಕ್ಕೆ ದೇಶದ ಬೊಕ್ಕಸವೇ ಬೆಲೆ ತೆತ್ತಂತಾಗುತ್ತಿತ್ತು. ಅದಕ್ಕಾಗಿ 1959ರಲ್ಲಿ ಕಾನೂನು ತಿದ್ದಿ, ಕೊಲ್ಲಿಗಾಗಿಯೇ ಬೇರೆ ಬಣ್ಣದ, ನಂಬರಿನ ಮುಂದೆ ಇಂಗ್ಲಿಷಿನ ಜಡ್ ಅಕ್ಷರವಿದ್ದ ನೋಟುಗಳನ್ನು ಹೊರಡಿಸಿದರು. ಇವು ಭಾರತದೊಳಗೆ ಚಲಾವಣೆಯಾಗುವಂತಿರಲಿಲ್ಲ. ಹಜ್ ಯಾತ್ರಿಕರಿಗೂ ಅದೇ ವರ್ಷ ಪ್ರತ್ಯೇಕ ನೋಟುಗಳು ಬಂದವು. ಆಮೇಲೆ 1961ರಲ್ಲಿ ಕುವೈತ್, 1965ರಲ್ಲಿ ಬಹರೇನ್ ತಮ್ಮ ತಮ್ಮ ದಿನಾರುಗಳನ್ನು ತಂದುಕೊಂಡವು. 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿದು, ಡಾಲರಿಗೆ 4.76 ಇದ್ದದ್ದು 7.50 ಆದಾಗ ಕತಾರ್, ದುಬೈಗಳೂ ರೂಪಾಯಿಯ ಕೈಬಿಟ್ಟವು. ಕೊನೆಯದಾಗಿ 1970ರಲ್ಲಿ ಒಮಾನ್. ಕೆಲವೇ ವರ್ಷಗಳಲ್ಲಿ, ನಮ್ಮ ಕರಾವಳಿಯ ತರುಣರು ಮುಂಬಯಿಯ ಮೂಲಕ ಗುಂಪುಗುಂಪಾಗಿ ಕೊಲ್ಲಿಗೆ ಹೊರಡುವ ಹೊತ್ತಿಗೆ, ಅವರ ಅಜ್ಜಂದಿರ ಕಾಲದಲ್ಲಿ ಅಲ್ಲಿ ನಡೆಯುತ್ತಿದ್ದ ರೂಪಾಯಿ ಅಲ್ಲಿ ಪರಕೀಯವಾಗಿತ್ತು.

ಎಂಟು ಡಾಲರ್

ಈಗ ನಮ್ಮ ಕಥೆಯ ನಡುವಿನ ಗಂಟಿಗೆ ಬಂದೆವು. 1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾದ ಕೂಡಲೇ ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ವಿದೇಶಿ ವಿನಿಮಯದ ನಿಯಂತ್ರಣ ಜಾರಿಗೆ ಬಂತು. ಯುದ್ಧ ಮುಗಿದರೂ ನಿಯಂತ್ರಣ ಮುಗಿಯಲಿಲ್ಲ. 1947ರ ಮಾರ್ಚಿನಲ್ಲಿ ಅದು ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯಾಗಿ ನೆಲೆಯೂರಿತು.

ಮೊದಮೊದಲು ಭಾರತ ಬಡದೇಶವಾದರೂ ಪೌಂಡಿನ ಲೆಕ್ಕದಲ್ಲಿ ಬಡವಾಗಿರಲಿಲ್ಲ. ಯುದ್ಧಕಾಲದಲ್ಲಿ ನಾವು ಬ್ರಿಟನ್ನಿಗೆ ಒದಗಿಸಿದ ಸರಕು, ಸೇವೆಗಳ ಬಾಬ್ತು ಸುಮಾರು 1,700 ಕೋಟಿ ರೂಪಾಯಿಯಷ್ಟು ಸ್ಟರ್ಲಿಂಗ್ ನಮ್ಮ ಲೆಕ್ಕದಲ್ಲಿ ಲಂಡನ್ನಿನಲ್ಲಿ ಜಮೆಯಾಗಿತ್ತು. ಬಂಗಾಳದ ಕ್ಷಾಮವನ್ನು ಕಂಡ ಜನ ಹೊಟ್ಟೆ ಕಟ್ಟಿ ಕೂಡಿಟ್ಟ ಹಣವದು. ವಿಭಜನೆಯ ಪಾಲು, ಆಹಾರದ ಆಮದು, ಆಮೇಲೆ 1956ರಲ್ಲಿ ಆರಂಭವಾದ ಎರಡನೆಯ ಪಂಚವಾರ್ಷಿಕ ಯೋಜನೆಯ ಉಕ್ಕಿನ ಕಾರ್ಖಾನೆ, ಯಂತ್ರಸಾಮಗ್ರಿ ಎಂದು ಆ ನಿಧಿ ಭರದಿಂದ ಕರಗಿತು. 1957ರ ಹೊತ್ತಿಗೆ ರಿಜರ್ವ್ ಬ್ಯಾಂಕು ಕಡ್ಡಾಯವಾಗಿ ಇಟ್ಟುಕೊಳ್ಳಬೇಕಾದ ಚಿನ್ನ ಮತ್ತು ವಿದೇಶಿ ಆಸ್ತಿಯ ಮಟ್ಟವನ್ನೇ 200 ಕೋಟಿ ರೂಪಾಯಿಗೆ ಇಳಿಸಿ ಕಾನೂನು ತಿದ್ದಬೇಕಾಯಿತು.

ಬೊಕ್ಕಸ ಬರಿದಾದಾಗ ಮೊದಲು ಕತ್ತರಿ ಬೀಳುವುದು ಪ್ರಯಾಣದ ಖರ್ಚಿಗೆ. ಇದು ಸಂಸಾರಕ್ಕೂ ಸಲ್ಲುವ ಮಾತು, ಸರ್ಕಾರಕ್ಕೂ ಸಲ್ಲುವ ಮಾತು. ಪರದೇಶಕ್ಕೆ ಹೋಗುವವನು ಪಿ ಫಾರಂ ಎಂಬ ಅರ್ಜಿ ತುಂಬಿ ರಿಜರ್ವ್ ಬ್ಯಾಂಕಿನ ಒಪ್ಪಿಗೆ ಪಡೆಯದ ಹೊರತು ವಿಮಾನದ ಟಿಕೆಟ್ಟೇ ಸಿಗುತ್ತಿರಲಿಲ್ಲ. ಅಲ್ಲಿ ಊಟ ವಸತಿಯ ಹೊಣೆಯನ್ನು ಯಾರು ಹೊರುತ್ತಾರೆಂದು ಪತ್ರ ತೋರಿಸಬೇಕಿತ್ತು. ಇಷ್ಟೆಲ್ಲ ಆದ ಮೇಲೆ ಜೇಬಿನಲ್ಲಿ ಒಯ್ಯಲು ದೊರೆಯುತ್ತಿದ್ದದ್ದು ಎಂಟು ಡಾಲರ್. ಇಂಗ್ಲೆಂಡಿಗೆ ಹೋದವರು ಮೂರು ಪೌಂಡ್ ಎನ್ನುತ್ತಾರೆ. ಲೆಕ್ಕ ಹಾಕಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಆಗ ಪೌಂಡಿಗೆ 2.80 ಡಾಲರ್, ಅಂದರೆ ಮೂರು ಪೌಂಡಿಗೆ 8.40 ಡಾಲರ್. ನಮ್ಮ ರೂಪಾಯಿಯಲ್ಲಿ, 1966ಕ್ಕೆ ಮುಂಚೆ, ಸುಮಾರು 40 ರೂಪಾಯಿ. ಬ್ಯಾಂಕಿನವರು ಕೊಟ್ಟ ಹಣವನ್ನು ಪಾಸ್‌ಪೋರ್ಟಿನ ಕೊನೆಯ ಪುಟಗಳಲ್ಲಿ ಬರೆದು ಮೊಹರು ಹಾಕುತ್ತಿದ್ದರು.

ಇದು ನಾವು ಹುಟ್ಟುವುದಕ್ಕೆ ಮುಂಚಿನ ಮಾತು. ಹಿರಿಯರಿಂದ ಕೇಳಿ ತಿಳಿದದ್ದು. ಆಗ ಹೋದವರು ಎಂಜಿನಿಯರುಗಳು, ಡಾಕ್ಟರುಗಳು, ಎಂ.ಎಸ್ಸಿ. ಮುಗಿಸಿ ಸ್ಕಾಲರ್‌ಷಿಪ್ ಗಿಟ್ಟಿಸಿದ ತರುಣರು. ಮನೆಯಲ್ಲಿ ಅಪ್ಪ ಪ್ರಾವಿಡೆಂಟ್ ಫಂಡಿನಿಂದ ಸಾಲ ತೆಗೆದೋ, ಅಮ್ಮನ ಬಳೆ ಒತ್ತೆಯಿಟ್ಟೋ ಟಿಕೆಟ್ಟಿನ ಹಣವನ್ನು ರೂಪಾಯಿಯಲ್ಲಿ ಹೊಂದಿಸಬಹುದಾಗಿತ್ತು. ಆದರೆ ಎಷ್ಟು ರೂಪಾಯಿ ಇದ್ದರೂ ಒಂಬತ್ತನೆಯ ಡಾಲರನ್ನು ಕೊಳ್ಳುವಂತಿರಲಿಲ್ಲ. ಅದಕ್ಕೇ ಪೆಟ್ಟಿಗೆಯಲ್ಲಿ ಅವಲಕ್ಕಿ, ಚಟ್ನಿಪುಡಿ, ಹುಳಿಪುಡಿ, ಉಪ್ಪಿನಕಾಯಿ. ಅದು ಬರಿಯ ನಾಲಗೆಯ ಚಪಲವಾಗಿರಲಿಲ್ಲ. ಮೊದಲ ಸ್ಟೈಪೆಂಡ್ ಬರುವವರೆಗಿನ ಊಟವಾಗಿತ್ತು. ಪೆಂಟಿಯಂ ಚಿಪ್ಪಿನ ಕೆಲಸದಿಂದ ಪ್ರಸಿದ್ಧರಾದ ವಿನೋದ್ ಧಾಮ್ 1975ರಲ್ಲಿ ಅಮೆರಿಕದಲ್ಲಿ ಇಳಿದಾಗ ಅವರ ಜೇಬಿನಲ್ಲಿದ್ದದ್ದು ಎಂಟೇ ಡಾಲರ್ ಎಂಬುದು ಪ್ರಸಿದ್ಧ ಸಂಗತಿ. ಹೆಸರಾಗದ ಸಾವಿರಾರು ಮಂದಿಯ ಕಥೆಯೂ ಇದೇ.

ಇದೆಲ್ಲ ನಮ್ಮ ಸರ್ಕಾರದ ಒಂದು ಹುಚ್ಚು ಎಂದು ಹೇಳುವವರುಂಟು. ಅವರು ಒಂದು ಸಂಗತಿಯನ್ನು ಮರೆಯುತ್ತಾರೆ. ಒಂದು ಕಾಲಕ್ಕೆ ಜಗತ್ತಿಗೇ ಸಾಲ ಕೊಟ್ಟಿದ್ದ ಬ್ರಿಟನ್ 1966ರಿಂದ 1970ರ ಆರಂಭದವರೆಗೆ ತನ್ನ ಪ್ರಜೆಗಳ ವಿದೇಶ ಪ್ರವಾಸಕ್ಕೆ ವರ್ಷಕ್ಕೆ 50 ಪೌಂಡಿನ ಮಿತಿ ಹಾಕಿತ್ತು. ಅಲ್ಲಿ ವಿನಿಮಯ ನಿಯಂತ್ರಣ ಪೂರ್ತಿಯಾಗಿ ಹೋದದ್ದು 1979ರಲ್ಲಿ. ಪೌಂಡನ್ನು ಅಚ್ಚು ಹಾಕುವವರ ಪಾಡೇ ಹೀಗಿದ್ದಾಗ, ಅದನ್ನು ಚಹಾ, ಸೆಣಬು ಮಾರಿ ಸಂಪಾದಿಸಬೇಕಾದ ನಮ್ಮ ಪಾಡೇನು? ಗೋಧಿಗೂ ಔಷಧಕ್ಕೂ ಯಂತ್ರಕ್ಕೂ ಒಂದೇ ಬೊಕ್ಕಸದಿಂದ ಡಾಲರ್ ಹೋಗಬೇಕಾಗಿತ್ತು.

ನಾಣ್ಯದ ಇನ್ನೊಂದು ಮುಖ

ಹಾಗೆಂದು ಎಲ್ಲವೂ ಸರಿಯಾಗಿತ್ತೆಂದು ನಾವು ಹೇಳಲಾರೆವು. ಸರ್ಕಾರದ ಅನ್ನ ತಿನ್ನುವ ನಾವು ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಮೂರು ಪೌಂಡಿನ ಕಟ್ಟಳೆ ಕಟ್ಟಿದ್ದು ಕಟ್ಟಳೆಗೆ ಅಂಜುವವರನ್ನು ಮಾತ್ರ. ದೊಡ್ಡ ಕುಳಗಳು ಆಮದಿನ ಬಿಲ್ಲನ್ನು ಹಿಗ್ಗಿಸಿ, ರಫ್ತಿನ ಬಿಲ್ಲನ್ನು ಕುಗ್ಗಿಸಿ, ಉಳಿದದ್ದನ್ನು ಹೊರಗೇ ಇಟ್ಟುಕೊಂಡವು. ಕಳ್ಳಪೇಟೆಯಲ್ಲಿ ಡಾಲರಿಗೆ ಬೇರೆಯೇ ಬೆಲೆ. ಇನ್ನು ಸಾಮಾನ್ಯ ಸಂಸಾರಗಳ ಕಥೆ. "ನಮ್ಮ ಹುಡುಗನಿಗೆ ಅಲ್ಲಿ ನೂರು ಡಾಲರ್ ಕೊಡಿ, ನಿಮ್ಮ ತಾಯಿಯವರಿಗೆ ಇಲ್ಲಿ ನಾವು ರೂಪಾಯಿ ಕೊಡುತ್ತೇವೆ" ಎಂದು ಒಬ್ಬ ನೆಂಟರು ಇನ್ನೊಬ್ಬ ನೆಂಟರಿಗೆ ಪತ್ರ ಬರೆದರೆ ಅದರಲ್ಲಿ ಪಾಪವೇನಿದೆ ಎಂದು ಯಾರಿಗಾದರೂ ಅನ್ನಿಸೀತು. ಹಣ ಪ್ರಯಾಣ ಮಾಡಲಿಲ್ಲ; ಮಾತು ಪ್ರಯಾಣ ಮಾಡಿತು. ಇದು ನಮ್ಮ ಹಳೆಯ ಹುಂಡಿಯೇ ಅಲ್ಲವೇ? ಆದರೆ ಕಾನೂನಿನ ಕಣ್ಣಿಗೆ ಅದು ಅಪರಾಧ. ಏಕೆಂದರೆ ಆ ನೂರು ಡಾಲರ್ ಬ್ಯಾಂಕಿನ ಮೂಲಕ ಬಂದಿದ್ದರೆ ದೇಶದ ಬೊಕ್ಕಸ ಸೇರುತ್ತಿತ್ತು, ಈಗ ಸೇರಲಿಲ್ಲ. ತಾಯಿ ಮಗನಿಗೆ ತೋರುವ ಅಕ್ಕರೆಯೂ ಹವಾಲಾ ವ್ಯಾಪಾರಿಯ ದಂಧೆಯೂ ಒಂದೇ ಕಲಮಿನ ಕೆಳಗೆ ಬರುವಂತಾಗಿತ್ತು. 1973ರ ಹೊಸ ಕಾಯಿದೆ ಇನ್ನೂ ಕಠಿಣವಾಯಿತು. ಜನ ಫೆರಾ ಎಂದು ಕರೆದದ್ದು ಇದನ್ನೇ. ಅದರಡಿ ಕೆಟ್ಟ ಉದ್ದೇಶವಿರಲಿಲ್ಲವೆಂದು ತೋರಿಸುವ ಹೊಣೆ ಆಪಾದಿತನ ಮೇಲೆಯೇ ಬೀಳುತ್ತಿತ್ತು. ಬೊಕ್ಕಸದ ಲೆಕ್ಕ ಸರಿ. ಸಂಸಾರದ ಲೆಕ್ಕವೂ ಸರಿ. ಎರಡೂ ಸರಿಯಾಗಿದ್ದೂ ತಾಳೆಯಾಗದೆ ಹೋದದ್ದೇ ಆ ಕಾಲದ ಸಂಕಟ.

ಋಣ ತೀರಿದ ಬಗೆ

ಎಂಟು ಡಾಲರ್ ಕೊಟ್ಟು ಕಳಿಸಿದ ಮಕ್ಕಳ ಕಡೆಗೆ ದೇಶ ಬಲುಬೇಗ ಕೈ ಚಾಚಿತು. ಅನಿವಾಸಿಗಳಿಗಾಗಿ 1970ರಲ್ಲಿ ಎನ್.ಆರ್.ಇ. ಖಾತೆಗಳು ಬಂದವು, 1975ರಲ್ಲಿ ವಿದೇಶಿ ಕರೆನ್ಸಿಯಲ್ಲೇ ಹಣ ಇಡಬಹುದಾದ ಠೇವಣಿಗಳು ಬಂದವು. ಅಮೆರಿಕದ ಡಾಕ್ಟರನ ಡಾಲರಿಗಿಂತ ಕೊಲ್ಲಿಯಲ್ಲಿ ಬಿಸಿಲಲ್ಲಿ ದುಡಿದವನ ತಿಂಗಳ ಡ್ರಾಫ್ಟು ಹೆಚ್ಚು ನಂಬಿಕೆಯದು. ಸಂಸಾರ ಊರಿನಲ್ಲೇ ಇದ್ದವನು ಹಣ ಕಳಿಸುವುದನ್ನು ನಿಲ್ಲಿಸುವಂತಿಲ್ಲ. ಠೇವಣಿ ಹಾಗಲ್ಲ. 1990ರ ಕೊಲ್ಲಿ ಬಿಕ್ಕಟ್ಟಿನ ತರುವಾಯ ಅನಿವಾಸಿ ಠೇವಣಿದಾರರು ಅಂಜಿ ಹಣ ಹಿಂತೆಗೆದರು. 1991ರ ಮಧ್ಯದಲ್ಲಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಡಾಲರ್ ಉಳಿದಿತ್ತು. ಮೊದಲು 20 ಟನ್, ಆಮೇಲೆ ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಹಣ ಪಡೆಯಬೇಕಾಯಿತು. ಅಮ್ಮನ ಬಳೆ ಒತ್ತೆಯಿಟ್ಟ ಸಂಸಾರಗಳ ದೇಶ, ತನ್ನ ಬಳೆಯನ್ನೂ ಒತ್ತೆಯಿಟ್ಟಿತು.

ಆ ಪೆಟ್ಟಿನಿಂದಲೇ ಬಾಗಿಲು ತೆರೆಯಿತು. 1993ರ ಮಾರ್ಚಿನಿಂದ ರೂಪಾಯಿಯ ಬೆಲೆಯನ್ನು ಪೇಟೆಗೆ ಬಿಟ್ಟರು. 1994ರ ಆಗಸ್ಟಿನಲ್ಲಿ ಪ್ರಯಾಣ, ವಿದ್ಯಾಭ್ಯಾಸದಂಥ ಚಾಲ್ತಿ ಖರ್ಚುಗಳಿಗೆ ರೂಪಾಯಿಯನ್ನು ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯವನ್ನು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಒಪ್ಪಿಕೊಂಡರು. 2000ದ ಜೂನ್ 1ರಂದು ಫೆರಾ ಹೋಗಿ ಫೆಮಾ ಬಂತು. ನಿಯಂತ್ರಣವೆಂಬ ಮಾತು ಹೋಗಿ ನಿರ್ವಹಣೆ ಎಂಬ ಮಾತು ಬಂತು. ಜೈಲಿನ ಭಯ ಹೋಗಿ ದಂಡದ ಭಯ ಉಳಿಯಿತು. 1998ರಲ್ಲಿ ಪೋಖ್ರಾನ್ ಪರೀಕ್ಷೆಯ ಮೇಲೆ ಹೊರದೇಶಗಳು ಮುನಿದಾಗ ಸ್ಟೇಟ್ ಬ್ಯಾಂಕಿನ ಬಾಂಡುಗಳ ಮೂಲಕ ಅನಿವಾಸಿಗಳು 420 ಕೋಟಿ ಡಾಲರ್ ಕೊಟ್ಟರು. 2022ರ ಒಂದೇ ವರ್ಷದಲ್ಲಿ ಪರದೇಶದಲ್ಲಿರುವ ಭಾರತೀಯರು ಮನೆಗೆ ಕಳಿಸಿದ ಹಣ ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಸುಮಾರು 11,100 ಕೋಟಿ ಡಾಲರ್. ಎಂಟೆಂಟು ಡಾಲರಿನ ಬೀಜಕ್ಕೆ ಇಷ್ಟು ಬೆಳೆ ಬಂದದ್ದನ್ನು ಕಂಡರೆ ಯಾವ ಲೆಕ್ಕಿಗನೂ ಬೆರಗಾಗಬೇಕು.

ಇಂದಿನ ವಟ್ಟ

2004ರ ಫೆಬ್ರುವರಿಯಲ್ಲಿ ರಿಜರ್ವ್ ಬ್ಯಾಂಕು ಯಾವ ನಿವಾಸಿಯಾದರೂ ವರ್ಷಕ್ಕೆ 25,000 ಡಾಲರ್ ಹೊರಕ್ಕೆ ಕಳಿಸಬಹುದೆಂದಿತು. ಮಿತಿ ಏರುತ್ತ ಏರುತ್ತ 2 ಲಕ್ಷ ಮುಟ್ಟಿತು. 2013ರಲ್ಲಿ ರೂಪಾಯಿ ಕುಸಿದಾಗ ಒಮ್ಮೆಗೇ 75,000ಕ್ಕೆ ಇಳಿಯಿತು. 2015ರಿಂದ ಎರಡೂವರೆ ಲಕ್ಷ ಡಾಲರಾಗಿದೆ. ನಡುವಿನ ಆ ಇಳಿತವನ್ನು ಓದುಗರು ಗಮನಿಸಬೇಕು. ಬಾಗಿಲು ತೆರೆದಿದೆ, ಅಗುಳಿ ಇನ್ನೂ ಒಳಗಡೆಯೇ ಇದೆ. 2024ರಲ್ಲಿ ದೇಶದ ವಿದೇಶಿ ವಿನಿಮಯ ಸಂಗ್ರಹ 70,000 ಕೋಟಿ ಡಾಲರನ್ನು ದಾಟಿತೆಂಬುದರಿಂದಲೇ ಆ ಅಗುಳಿಯ ಸದ್ದು ನಮಗೆ ಕೇಳಿಸುತ್ತಿಲ್ಲ.

ಇನ್ನು ಚಿನಿವಾರ ಎಲ್ಲಿಗೆ ಹೋದ? ಎಲ್ಲಿಗೂ ಹೋಗಿಲ್ಲ. ವಿಮಾನ ನಿಲ್ದಾಣದ ಗಾಜಿನ ಕಿಟಕಿಯ ಹಿಂದೆ ಕುಳಿತಿದ್ದಾನೆ. ಕೊಳ್ಳುವ ದರ, ಮಾರುವ ದರ ಎಂದು ಎರಡು ಸಾಲು ಹಾಕಿರುತ್ತಾನಲ್ಲ, ಆ ಎರಡರ ನಡುವಿನ ಅಂತರವೇ ವಟ್ಟ. ಕಮಿಷನ್ ಇಲ್ಲವೆಂದು ಬೋರ್ಡು ಹಾಕಿದವನ ಅಂತರವನ್ನು ಇನ್ನಷ್ಟು ಜಾಗರೂಕತೆಯಿಂದ ನೋಡಬೇಕು. ಕಾರ್ಡಿನ ಯಂತ್ರದೊಳಗೂ ಅವನಿದ್ದಾನೆ. ಪರದೇಶದ ಅಂಗಡಿಯಲ್ಲಿ ಯಂತ್ರವು "ರೂಪಾಯಿಯಲ್ಲಿ ಕೊಡುವಿರೋ, ಈ ಊರಿನ ಹಣದಲ್ಲೋ" ಎಂದು ಕೇಳಿದರೆ ರೂಪಾಯಿಯೆಂಬ ಹೆಸರು ಕಂಡು ಹಿಗ್ಗಬಾರದು. ರೂಪಾಯಿ ಎಂದರೆ ಅಂಗಡಿಯ ಕಡೆಯವರು ತಮಗೆ ಬೇಕಾದ ದರ ಹಾಕುತ್ತಾರೆ. ಆ ಊರಿನ ಹಣವೆಂದರೆ ಸಾಮಾನ್ಯವಾಗಿ ನಷ್ಟ ಕಡಿಮೆ. ಕಾರ್ಡು ಒಂದೇ ಇರದೆ ಎರಡು ಇರಲಿ. ಎರಡೂ ಒಂದೇ ಚೀಲದಲ್ಲಿ ಬೇಡ. ಅವುಗಳ ನಂಬರು, ಬ್ಯಾಂಕಿನ ಫೋನು ಬೇರೊಂದು ಕಾಗದದಲ್ಲಿರಲಿ. ಟ್ರಾವೆಲರ್ಸ್ ಚೆಕ್ಕಿನ ಕಾಲದ ಈ ಬುದ್ಧಿ ಇಂದಿಗೂ ಹಳತಾಗಿಲ್ಲ. 2021ರಲ್ಲಿ ಭೂತಾನ್, 2024ರಲ್ಲಿ ಶ್ರೀಲಂಕಾ, ಮಾರಿಷಸ್‌ಗಳಲ್ಲಿ ನಮ್ಮ ಯು.ಪಿ.ಐ. ಬಳಕೆಗೆ ಬಂದಿತು. ಕಡಲು ದಾಟುವುದನ್ನು ಮರೆತಿದ್ದ ರೂಪಾಯಿ, ಕಾಗದದ ಮೈ ಬಿಟ್ಟು ಮತ್ತೆ ದಾಟಲು ಕಲಿಯುತ್ತಿದೆ ಎನ್ನಬಹುದು.

ಕಡೆಯದಾಗಿ ನಮ್ಮ ಓದುಗ ಬಂಧುಗಳಲ್ಲಿ ಒಂದು ವಿನಂತಿ. ರಾಜರ ಕಾಲದ ವರಹಗಳು ವಸ್ತುಸಂಗ್ರಹಾಲಯಗಳಲ್ಲಿ ಭದ್ರವಾಗಿವೆ. ನಮ್ಮ ಹಿರಿಯರ ಎಂಟು ಡಾಲರಿನ ಚರಿತ್ರೆಗೆ ಅಂಥ ಆಸರೆಯಿಲ್ಲ. ಅದು ಕಪಾಟಿನ ಮೂಲೆಯಲ್ಲಿರುವ ಅವಧಿ ತೀರಿದ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ, ಬ್ಯಾಂಕಿನ ಮಸುಕಾದ ಮೊಹರಿನಲ್ಲಿ, ನೀಲಿ ಏರೋಗ್ರಾಮಿನ ಅಂಚಿನಲ್ಲಿ ಬರೆದ ಖರ್ಚಿನ ಪಟ್ಟಿಯಲ್ಲಿ ಉಳಿದಿದೆ. ಮನೆ ಬದಲಾಯಿಸುವಾಗ ಅವನ್ನು ರದ್ದಿಗೆ ಹಾಕಬೇಡಿ. ಹೋಗಿಬಂದ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ, ಆ ಹಣವನ್ನು ಮೊದಲ ವಾರ ಯಾವುದಕ್ಕೆ ಖರ್ಚು ಮಾಡಿದರೆಂದು ಕೇಳಿ ಬರೆದಿಡಿ. ದೇಶ ಸುತ್ತಿದವರ ಈ ಕೋಶವೂ ನಮ್ಮ ಮಕ್ಕಳು ಓದಬೇಕಾದ ಕೋಶವೇ ಆಗಿದೆ.